ಎಕ್ಕದ ಸಾರ ಕ್ಯಾನ್ಸರ್ ಜೀವಕೋಶವನ್ನು ಕೊಂದಿತು, ಇಲಿಯ ಜೀವಕೋಶವನ್ನು ಬಿಟ್ಟಿತು: ಇದರ ಅರ್ಥವೇನು?

ಪ್ರಶ್ನೆ: ನಾನು ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ಬೆಳೆಗಾರ. ಮಗಳು ದಾವಣಗೆರೆಯಲ್ಲಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ಪ್ರಾಜೆಕ್ಟಿಗೆಂದು ನಮ್ಮ ತೋಟದ ಬೇಲಿಯಲ್ಲಿದ್ದ ಎಕ್ಕದ ಎಲೆಯನ್ನು ಒಣಗಿಸಿ, ಮೆಥನಾಲಿನಲ್ಲಿ ಸಾರ ತೆಗೆದು ಪರೀಕ್ಷೆ ಮಾಡಿಸಿದ್ದಾಳೆ. ಸಾರದ ರಾಸಾಯನಿಕಗಳನ್ನು ಗುರುತಿಸುವ ಜಿಸಿ-ಎಂಎಸ್ ಯಂತ್ರದ ವರದಿಯಲ್ಲಿ ಮೂವತ್ತಕ್ಕೂ ಹೆಚ್ಚು ರಾಸಾಯನಿಕಗಳ ಹೆಸರು ಬಂದಿದೆ. ಸ್ತನ ಕ್ಯಾನ್ಸರಿನ ಎಂಸಿಎಫ್-7 ಜೀವಕೋಶಗಳಲ್ಲಿ ಅರ್ಧದಷ್ಟು ಸಾಯಲು ಮಿಲಿಲೀಟರಿಗೆ 12 ಮೈಕ್ರೋಗ್ರಾಂ ಸಾರ ಸಾಕಾಯಿತಂತೆ. ಎಲ್929 ಎಂಬ ಆರೋಗ್ಯವಂತ ಜೀವಕೋಶಗಳಿಗೆ 200 ಮೈಕ್ರೋಗ್ರಾಂ ಹಾಕಿದರೂ ಏನೂ ಆಗಿಲ್ಲವಂತೆ. ನನ್ನ ತಂಗಿಗೆ ಸ್ತನ ಕ್ಯಾನ್ಸರ್ ಇದ್ದು ಕೀಮೋ ನಡೆಯುತ್ತಿದೆ. ನಮ್ಮ ಕಡೆಯ ನಾಟಿ ವೈದ್ಯರೂ ಗಡ್ಡೆಗೆ ಎಕ್ಕ ಬಳಸುತ್ತಾರೆ. ಎಲೆಯ ಕಷಾಯವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬಹುದೇ? ಕೊಡಬಾರದೆಂದಾದರೆ ಈ ಪರೀಕ್ಷೆಗೆ ಏನು ಅರ್ಥ? ಮಗಳು ಮುಂದೇನು ಮಾಡಬೇಕು?

ಉತ್ತರ: ಕೊಡಬೇಡಿ. ಸ್ವಲ್ಪವೂ ಬೇಡ, ಕೀಮೋ ಮುಗಿದ ಮೇಲೂ ಬೇಡ. ಈಗಾಗಲೇ ಒಂದೆರಡು ದಿನ ಕೊಟ್ಟಿದ್ದರೆ ಮುಚ್ಚಿಡದೆ, ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಇಂದೇ ತಿಳಿಸಿ. ವಾಂತಿ ಹೆಚ್ಚುವುದು, ನಾಡಿ ನಿಧಾನವಾಗುವುದು, ಬಡಿತ ತಪ್ಪುವುದು, ಕಣ್ಣು ಮಂಜಾಗುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ, ರಕ್ತದ ಪೊಟ್ಯಾಸಿಯಂ ಪ್ರಮಾಣವನ್ನು ನೋಡಿಸಿ. ನಿಮ್ಮ ಮಗಳ ಫಲಿತಾಂಶ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ನಿಜವಾಗಿರುವ ಸಾಧ್ಯತೆಯೇ ಹೆಚ್ಚು, ಮತ್ತು ನಿಜವಾಗಿರುವುದರಿಂದಲೇ ಕಷಾಯ ಬೇಡವೆನ್ನುತ್ತಿದ್ದೇನೆ. ಆದರೆ ಆ ಫಲಿತಾಂಶದಿಂದ ನೀವಿಬ್ಬರೂ ತೆಗೆದುಕೊಂಡಿರುವ ಅರ್ಥ ಎರಡು ಕಡೆ ದಾರಿ ತಪ್ಪಿದೆ. ರಾಸಾಯನಿಕ ಪರೀಕ್ಷೆಗೆ ಕಾಣದ ವಸ್ತುವೊಂದು ಈ ಸಾರದಲ್ಲಿದೆ. ಆರೋಗ್ಯವಂತವೆಂದು ಇಟ್ಟುಕೊಂಡ ಜೀವಕೋಶಕ್ಕೆ ಅದೇ ವಸ್ತು ತಟ್ಟುವುದಿಲ್ಲ. ಎರಡೂ ಒಟ್ಟಿಗೆ ಸೇರಿದಾಗ ವಿಷವೊಂದು ಸಂಜೀವಿನಿಯಂತೆ ಕಾಣಿಸುತ್ತದೆ.

ಎಕ್ಕದ ಹಾಲಿನಲ್ಲಿಯೂ ಎಲೆ, ಬೇರಿನ ತೊಗಟೆಗಳಲ್ಲಿಯೂ ಕಾರ್ಡಿನೊಲೈಡ್ ಎಂಬ ಗುಂಪಿನ ವಸ್ತುಗಳಿವೆ. ಕ್ಯಾಲೊಟ್ರೊಪಿನ್, ಕ್ಯಾಲಾಕ್ಟಿನ್, ಉಸ್ಕಾರಿನ್, ವೊರುಸ್ಕಾರಿನ್ ಇವುಗಳಲ್ಲಿ ಮುಖ್ಯವಾದವು. ಹೃದಯ ರೋಗಿಗಳಿಗೆ ಕೊಡುವ ಡಿಗಾಕ್ಸಿನ್ ಮಾತ್ರೆ ಇದೇ ಕುಟುಂಬದ್ದು, ಹಳದಿ ಕಣಗಿಲೆಯ ವಿಷವೂ ಇದೇ ಕುಟುಂಬದ್ದು. ನಮ್ಮ ದೇಹದ ಪ್ರತಿ ಜೀವಕೋಶದ ಪೊರೆಯಲ್ಲಿ ಸೋಡಿಯಂ ಅನ್ನು ಹೊರಗೆ ತಳ್ಳಿ ಪೊಟ್ಯಾಸಿಯಂ ಅನ್ನು ಒಳಗೆ ಎಳೆದುಕೊಳ್ಳುವ ಒಂದು ಪ್ರೋಟೀನ್ ಪಂಪ್ ಇದೆ. ಈ ವಸ್ತುಗಳು ಹೊರಗಡೆಯಿಂದ ಅದಕ್ಕೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತವೆ. ಹೃದಯದ ಸ್ನಾಯುವಿನಲ್ಲಿ ಪಂಪು ಸ್ವಲ್ಪ ನಿಧಾನವಾದರೆ ಒಳಗೆ ಕ್ಯಾಲ್ಸಿಯಂ ಹೆಚ್ಚಿ ಬಡಿತಕ್ಕೆ ಬಲ ಬರುತ್ತದೆ. ಅದೇ ಸ್ವಲ್ಪ ಹೆಚ್ಚಾದರೆ ಲಯವೇ ಕೆಡುತ್ತದೆ. ಜೀವಕೋಶದೊಳಗೆ ಪೊಟ್ಯಾಸಿಯಂ ಬರಿದಾದಂತೆ ಹೊಸ ಪ್ರೋಟೀನ್ ತಯಾರಿಕೆ ನಿಂತು, ಗಂಟೆಗಳು ಕಳೆದಂತೆ ಅದು ಸಾಯುತ್ತದೆ. ಇದಕ್ಕೆ ಅದು ಕ್ಯಾನ್ಸರಿನ ಜೀವಕೋಶವೇ ಆಗಿರಬೇಕೆಂದಿಲ್ಲ, ಮನುಷ್ಯನದ್ದಾಗಿದ್ದರೆ ಸಾಕು.

ಈಗ ಎಲ್929ರ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಆಸೆಯೆಲ್ಲ ನಿಂತಿರುವುದು ಅದರ ಮೇಲೆ. ಇದು 1940ರ ದಶಕದಲ್ಲಿ ಇಲಿಯ ಅಂಗಾಂಶದಿಂದ ಬೆಳೆಸಿದ ಜೀವಕೋಶಗಳ ಸಾಲು. ಸಾಕುವುದು ಸುಲಭ, ಬೇಗ ಬೆಳೆಯುತ್ತದೆ, ವೈದ್ಯಕೀಯ ಸಾಧನಗಳ ವಿಷತ್ವ ಪರೀಕ್ಷೆಯ ಅಂತರರಾಷ್ಟ್ರೀಯ ಮಾನದಂಡದಲ್ಲಿಯೂ ಇದರ ಹೆಸರಿದೆ. ಹಾಗಾಗಿ ಪ್ರಯೋಗಾಲಯಗಳಲ್ಲಿ ನಾರ್ಮಲ್ ಎಂಬ ಹೆಸರಿನಡಿ ಇದನ್ನೇ ಬಳಸುವ ರೂಢಿ ಬೆಳೆದಿದೆ. ಅನೇಕ ಗಿಡಗಳ ವಿಷಯದಲ್ಲಿ ಇದರಿಂದ ಅಂಥ ನಷ್ಟವೇನಿಲ್ಲ. ಎಕ್ಕದ ವಿಷಯದಲ್ಲಿ ಮಾತ್ರ ಇದು ಆಯ್ದುಕೊಳ್ಳಬಾರದಿದ್ದ ಜೀವಕೋಶ. ಇಲಿ, ಹೆಗ್ಗಣಗಳ ಸೋಡಿಯಂ ಪಂಪಿನಲ್ಲಿ, ಕಾರ್ಡಿನೊಲೈಡ್ ಬಂದು ಅಂಟುವ ಜಾಗದ ಎರಡು ಅಮೈನೋ ಆಮ್ಲಗಳು ಮನುಷ್ಯನ ಪಂಪಿನಲ್ಲಿರುವುದಕ್ಕಿಂತ ಬೇರೆಯಾಗಿವೆ. ಈ ಸಣ್ಣ ವ್ಯತ್ಯಾಸದಿಂದಾಗಿ ಇಲಿಯ ಜೀವಕೋಶಗಳು ಈ ಗುಂಪಿನ ವಿಷಗಳನ್ನು ಮನುಷ್ಯನ ಜೀವಕೋಶಗಳಿಗಿಂತ ನೂರರಿಂದ ಸಾವಿರ ಪಟ್ಟು ಹೆಚ್ಚು ತಡೆದುಕೊಳ್ಳುತ್ತವೆ. 1980ರ ದಶಕದ ಕೊನೆಯ ವೇಳೆಗೇ ಇದು ಅಮೈನೋ ಆಮ್ಲದ ಮಟ್ಟದಲ್ಲಿ ಸ್ಪಷ್ಟವಾಗಿತ್ತು.

ಆದ್ದರಿಂದ ಮಗಳು ಜೀವಕೋಶಗಳನ್ನು ಬೆಳೆಸಿದ, ಗುಳಿಗಳಿರುವ ತಟ್ಟೆಯಲ್ಲಿ (ಪ್ಲೇಟಿನಲ್ಲಿ) ಕಂಡ ವ್ಯತ್ಯಾಸವು ಕ್ಯಾನ್ಸರಿಗೂ ಆರೋಗ್ಯಕ್ಕೂ ನಡುವಿನದ್ದಾಗಿರದೆ, ಮನುಷ್ಯನಿಗೂ ಇಲಿಗೂ ನಡುವಿನದ್ದಾಗಿರುವ ಸಂಭವವೇ ಹೆಚ್ಚು. ಎಂಸಿಎಫ್-7 ಮನುಷ್ಯನದ್ದು, ಸತ್ತಿತು. ಎಲ್929 ಇಲಿಯದ್ದು, ಉಳಿಯಿತು. ನಿಮ್ಮ ತಂಗಿಯವರ ಹೃದಯ ಮನುಷ್ಯನದ್ದು. ಮಗಳಿಗೆ ಮುಂದೆ ಪಿಎಚ್.ಡಿ. ಮಾಡುವ ಆಸೆಯಿದ್ದರೆ ಇನ್ನೂ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇದೇ ಬಲೆ ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿಯೂ ಇದೆ. ಮನುಷ್ಯನ ಗಡ್ಡೆಯ ಜೀವಕೋಶಗಳನ್ನು ಇಲಿಯ ಮೈಯಲ್ಲಿ ಬೆಳೆಸಿ ಎಕ್ಕದ ಸಾರ ಕೊಟ್ಟರೆ, ಇಲಿ ಆರಾಮವಾಗಿರುತ್ತದೆ, ಗಡ್ಡೆ ಕುಗ್ಗುತ್ತದೆ, ಫೋಟೋ ಬಹಳ ಚೆನ್ನಾಗಿ ಬರುತ್ತದೆ. ಅದರಿಂದ ಮನುಷ್ಯನಿಗೆ ಎಷ್ಟು ಸುರಕ್ಷಿತವೆಂದು ಏನೂ ತಿಳಿಯುವುದಿಲ್ಲ. ನಮ್ಮ ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವ ಎರ್ಲಿಕ್ ಅಸೈಟಿಸ್ ಗಡ್ಡೆಯಾದರೋ ಇಲಿಯದೇ ಆದ್ದರಿಂದ, ಅಲ್ಲಿ ಫಲಿತಾಂಶ ಬೇರೆಯೇ ಬರಬಹುದು.

ಎರಡನೆಯ ತೊಡಕು ಜಿಸಿ-ಎಂಎಸ್ ಪಟ್ಟಿಯದು. ಗ್ಯಾಸ್ ಕ್ರೊಮ್ಯಾಟೊಗ್ರಫಿ ಎಂಬ ಹೆಸರೇ ಹೇಳುವಂತೆ, ಆ ಯಂತ್ರದೊಳಗೆ ಹೋಗಬೇಕಾದ ವಸ್ತು ಮೊದಲು ಆವಿಯಾಗಬೇಕು. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಡದೆ ಆವಿಯಾಗುವ ಸಣ್ಣ ಅಣುಗಳು ಮಾತ್ರ ಉದ್ದನೆಯ ಕೊಳವೆ ದಾಟಿ ಆಚೆ ಬಂದು ಲೆಕ್ಕಕ್ಕೆ ಸಿಗುತ್ತವೆ. ಕ್ಯಾಲೊಟ್ರೊಪಿನ್ ಅಣುವಿನ ತೂಕ 532. ಸಕ್ಕರೆಯ ತುಂಡೂ ಹಲವು ಹೈಡ್ರಾಕ್ಸಿಲ್ ಗುಂಪುಗಳೂ ಸೇರಿಕೊಂಡಿರುವ ಆ ಅಣು ಆವಿಯಾಗುವ ಬದಲು ಸುಟ್ಟು ಮುರಿಯುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಕ್ಯಾಲೊಟ್ರೊಪಿನ್ ಹೆಸರಿಲ್ಲವೆಂದ ಮಾತ್ರಕ್ಕೆ ಸಾರದಲ್ಲಿ ಅದಿಲ್ಲವೆಂದಾಗುವುದಿಲ್ಲ. ಜರಡಿ ಹಿಡಿದು ಕೆಳಗೆ ಬಿದ್ದ ಹಿಟ್ಟನ್ನಷ್ಟೇ ತೂಗಿ, ಮೇಲುಳಿದದ್ದನ್ನು ನೋಡದೆ ಬಿಟ್ಟಂತೆ.

ಪಟ್ಟಿಯನ್ನು ನೀವು ಕಳುಹಿಸಿಲ್ಲ, ಆದರೆ ಅದರಲ್ಲಿ ಏನಿರಬಹುದೆಂದು ಊಹಿಸುವುದು ಕಷ್ಟವಲ್ಲ. ಹೆಕ್ಸಾಡೆಕನೋಯಿಕ್ ಆಮ್ಲ, ಅದರ ಮೀಥೈಲ್ ಎಸ್ಟರ್, ಫೈಟಾಲ್, ಸ್ಕ್ವಾಲೀನ್, ಬಹುಶಃ ಲೂಪಿಯಾಲ್ ಅಥವಾ ಅದರ ಅಸಿಟೇಟ್, ಒಂದೆರಡು ಸ್ಟೆರಾಲ್‌ಗಳು. ಹೆಕ್ಸಾಡೆಕನೋಯಿಕ್ ಆಮ್ಲವೆಂದರೆ ಪಾಮಿಟಿಕ್ ಆಮ್ಲ, ಅಂದರೆ ಅಂಗಡಿಯ ತಾಳೆ ಎಣ್ಣೆಯಲ್ಲಿ ಹೇರಳವಾಗಿರುವ ಕೊಬ್ಬಿನ ಆಮ್ಲ. ಫೈಟಾಲ್ ಎಲೆಹಸಿರಿನ ಬಾಲದ ತುಂಡು, ಯಾವ ಹಸಿರು ಎಲೆಯನ್ನು ಪರೀಕ್ಷಿಸಿದರೂ ಬರುತ್ತದೆ. ಡೈಈಥೈಲ್‌ಹೆಕ್ಸೈಲ್ ಥ್ಯಾಲೇಟ್ ಅಥವಾ ಅಂಥ ಥ್ಯಾಲೇಟ್ ಹೆಸರೊಂದು ಕಂಡರೆ ಮೊದಲ ಅನುಮಾನ ಬರಬೇಕಾದದ್ದು ದ್ರಾವಕ ತಾಕಿದ ಪ್ಲಾಸ್ಟಿಕ್ ಕೊಳವೆಯ ಮೇಲೆ, ಎಕ್ಕದ ಮೇಲಲ್ಲ. ಮೆಥನಾಲಿನಲ್ಲಿ ಕಾಯಿಸಿದ್ದರೆ ಕೆಲವು ಮೀಥೈಲ್ ಎಸ್ಟರ್‌ಗಳು ಸಾರ ತೆಗೆಯುವಾಗಲೇ ಹುಟ್ಟಿರಲೂಬಹುದು. ಇನ್ನು ಪ್ರತಿ ಹೆಸರಿನ ಮುಂದಿರುವ ಶೇಕಡಾವಾರು, ಆವಿಯಾಗಿ ಬಂದ ಪಾಲಿನಲ್ಲಿ ಅದರ ಅಂಶವೇ ಹೊರತು ಇಡೀ ಸಾರದಲ್ಲಿ ಅಲ್ಲ. ಆ ಹೆಸರುಗಳು ಬಂದಿರುವುದು ಕಂಪ್ಯೂಟರಿನಲ್ಲಿರುವ ದಾಖಲೆಗಳೊಂದಿಗೆ ತಾಳೆ ನೋಡಿ, ಹೋಲಿಕೆ ಅರೆಬರೆಯಾದಾಗಲೂ ಯಂತ್ರ ಯಾವುದಾದರೊಂದು ಹೆಸರು ಕೊಟ್ಟೇ ಕೊಡುತ್ತದೆ. ನನ್ನ ಅಭಿಪ್ರಾಯದಲ್ಲಿ ಕ್ಯಾನ್ಸರ್ ವಿರೋಧಿ ಗುಣದ ಕಾರಣ ಹುಡುಕಲು ಸ್ನಾತಕೋತ್ತರ ಪ್ರಾಜೆಕ್ಟುಗಳಲ್ಲಿ ಮೊದಲು ಜಿಸಿ-ಎಂಎಸ್‌ಗೆ ಹಣ ಸುರಿಯುವ ಪದ್ಧತಿ ಬಹುಪಾಲು ವ್ಯರ್ಥ. ಸುವಾಸನೆಯ ಎಣ್ಣೆ ಕೊಡುವ ತುಳಸಿ, ಮಜ್ಜಿಗೆಹುಲ್ಲು, ಲಕ್ಕಿಗಳಂಥವಕ್ಕೆ ಅದು ಸರಿಯಾದ ಯಂತ್ರ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಒಟ್ಟು ಸಾರ 12 ಮೈಕ್ರೋಗ್ರಾಂ ಇದ್ದು, ಅದರ ನೂರನೇ ಒಂದು ಭಾಗ ಮಾತ್ರ ಕ್ಯಾಲೊಟ್ರೊಪಿನ್‌ನಂಥ ಕಾರ್ಡಿನೊಲೈಡ್ ಎಂದಿಟ್ಟುಕೊಳ್ಳಿ. ಅದು ಮಿಲಿಲೀಟರಿಗೆ 0.12 ಮೈಕ್ರೋಗ್ರಾಂ, ಅಂದರೆ 120 ನ್ಯಾನೊಗ್ರಾಂ ಆಗುತ್ತದೆ. ಅಣುತೂಕದಿಂದ ಭಾಗಿಸಿದರೆ ಸುಮಾರು 225 ನ್ಯಾನೊಮೋಲಾರ್ (ದ್ರಾವಣದಲ್ಲಿ ಎಷ್ಟು ಅಣುಗಳಿವೆಯೆಂಬ ಅಳತೆ). ಕಾರ್ಡಿನೊಲೈಡ್‌ಗಳು ಮನುಷ್ಯನ ಜೀವಕೋಶಗಳನ್ನು ಹತ್ತಾರು, ಹೆಚ್ಚೆಂದರೆ ನೂರಾರು ನ್ಯಾನೊಮೋಲಾರ್ ಮಟ್ಟದಲ್ಲಿ ಕೊಲ್ಲುತ್ತವೆ. ಹೀಗೆ ಸಾರದ ನೂರರಲ್ಲಿ ಒಂದು ಪಾಲೇ ಮಗಳು ಕಂಡ ಸಾವನ್ನೆಲ್ಲ ವಿವರಿಸಲು ಸಾಕು, ಉಳಿದ ತೊಂಬತ್ತೊಂಬತ್ತು ಪಾಲು ಬರಿಯ ಹೊಟ್ಟಾಗಿದ್ದರೂ ನಡೆಯುತ್ತದೆ. ಇದರ ಇನ್ನೊಂದು ಮುಖವನ್ನು ನೋಡಿ. ಡಿಗಾಕ್ಸಿನ್ ತೆಗೆದುಕೊಳ್ಳುವ ರೋಗಿಯ ರಕ್ತದಲ್ಲಿ ಮಿಲಿಲೀಟರಿಗೆ 2 ನ್ಯಾನೊಗ್ರಾಂ ದಾಟಿದರೆ ವೈದ್ಯರು ಅದನ್ನು ವಿಷದ ಮಟ್ಟವೆಂದು ಪರಿಗಣಿಸುತ್ತಾರೆ. ಎರಡು ವಸ್ತುಗಳು ಒಂದೇ ಅಲ್ಲವಾದ್ದರಿಂದ ಅಂಕಿಯನ್ನು ಹಾಗೆ ಹಾಗೆಯೇ ಹೋಲಿಸಲಾಗದು, ಆದರೂ ಅಂದಾಜು ಸಿಗುತ್ತದೆ: ಪ್ಲೇಟಿನಲ್ಲಿ ಗಡ್ಡೆಯ ಜೀವಕೋಶಗಳನ್ನು ಅರ್ಧಕ್ಕಿಳಿಸಲು ಬೇಕಾದ ಮಟ್ಟವನ್ನು ದೇಹದ ರಕ್ತದಲ್ಲಿ ಮುಟ್ಟುವ ಬಹಳ ಮೊದಲೇ ಹೃದಯದ ಲಯ ಕೆಟ್ಟಿರುತ್ತದೆ.

ಕೀಮೋ ನಡೆಯುತ್ತಿರುವಾಗ ಈ ಅಪಾಯ ಇಮ್ಮಡಿಯಾಗುತ್ತದೆ. ವಾಂತಿ ಭೇದಿಯಿಂದ ದೇಹದ ಪೊಟ್ಯಾಸಿಯಂ ಇಳಿದಿರುತ್ತದೆ, ಪೊಟ್ಯಾಸಿಯಂ ಕಡಿಮೆಯಿದ್ದಷ್ಟೂ ಈ ವಿಷ ಪಂಪಿಗೆ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಸ್ತನ ಕ್ಯಾನ್ಸರಿಗೆ ಸಾಮಾನ್ಯವಾಗಿ ಕೊಡುವ ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಔಷಧ ತಾನೇ ಹೃದಯದ ಸ್ನಾಯುವಿಗೆ ಹೊರೆ, ಅದಕ್ಕಾಗಿಯೇ ಚಿಕಿತ್ಸೆಗೆ ಮೊದಲು ಎಕೊ ಪರೀಕ್ಷೆ ಮಾಡಿಸುತ್ತಾರೆ. ಎಕ್ಕದಿಂದ ಬಂದ ವಾಂತಿಯನ್ನು ಮನೆಯವರೂ ವೈದ್ಯರೂ ಕೀಮೋದ ವಾಂತಿಯೆಂದೇ ತಿಳಿದುಕೊಳ್ಳುವುದು ಸಹಜ, ಹಾಗೆ ಒಂದೆರಡು ದಿನ ಕಳೆದರೆ ಆಪತ್ತು. ಮತ್ತೆ, ನೀವು ಮನೆಯಲ್ಲಿ ಕುದಿಸುವ ನೀರಿನ ಕಷಾಯ ಮಗಳು ಪರೀಕ್ಷಿಸಿದ ಮೆಥನಾಲ್ ಸಾರವೂ ಅಲ್ಲ. ಎಲೆಯ ವಯಸ್ಸು, ಋತು, ಎಲೆ ಕೀಳುವಾಗ ಎಷ್ಟು ಹಾಲು ಸೋರಿತು ಎಂಬುದರ ಮೇಲೆ ವಿಷದ ಪ್ರಮಾಣ ಏರಿಳಿಯುತ್ತದೆ. ಸ್ವಲ್ಪ ಸ್ವಲ್ಪ ಎನ್ನುವುದಕ್ಕೆ ಇಲ್ಲಿ ಅಳತೆಯೇ ಇಲ್ಲ.

ನಾಟಿ ವೈದ್ಯರ ಮಾತನ್ನು ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಬಿಸಿ ಮಾಡಿದ ಎಕ್ಕದ ಎಲೆಯನ್ನು ಎಣ್ಣೆ ಸವರಿ ಊದಿದ ಕೀಲಿಗೆ ಕಟ್ಟುವುದು, ಮುಳ್ಳು ಚುಚ್ಚಿದ ಜಾಗಕ್ಕೆ ಹಾಲು ಹಾಕುವುದು ನಮ್ಮ ಬಯಲುಸೀಮೆಯಲ್ಲಿ ಎಲ್ಲರೂ ಬಲ್ಲ ಪದ್ಧತಿ. ಅವೆಲ್ಲ ಹೊರಗಿನ ಉಪಯೋಗಗಳು. ಅವರು ಗಡ್ಡೆ ಎನ್ನುವಾಗ ಕೀವುಗುಳ್ಳೆ, ಕುರು, ಬಾವುಗಳೂ ಅದರಲ್ಲಿ ಸೇರಿರುತ್ತವೆ, ಅವು ವಾಸಿಯಾದದ್ದನ್ನು ಸ್ತನ ಕ್ಯಾನ್ಸರಿಗೆ ಪುರಾವೆಯಾಗಿ ಹಿಡಿಯಲಾಗದು. ಆಯುರ್ವೇದದಲ್ಲಿಯೂ ಅರ್ಕವನ್ನು, ಅಂದರೆ ಎಕ್ಕವನ್ನು, ಶುದ್ಧಿ ಮಾಡಿದ ಮೇಲೆ, ಅಳತೆಯಿಂದ ಬಳಸಬೇಕಾದ ವಿಷದ್ರವ್ಯಗಳ ಗುಂಪಿನಲ್ಲಿಯೇ ಇಟ್ಟಿದ್ದಾರೆ. 1945ರ ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳ ಇ(1) ಅನುಸೂಚಿಯ ಆಯುರ್ವೇದ ವಿಷದ್ರವ್ಯಗಳ ಪಟ್ಟಿಯಲ್ಲಿ ವತ್ಸನಾಭ, ದತ್ತೂರ, ಗುಲಗಂಜಿಗಳ ಜೊತೆ ಅರ್ಕದ ಹೆಸರೂ ಇದೆ. ಅಂಥ ದ್ರವ್ಯವಿರುವ, ಒಳಗೆ ಸೇವಿಸುವ ಔಷಧಿಯ ಮೇಲೆ, ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ತೆಗೆದುಕೊಳ್ಳಬೇಕೆಂಬ ಎಚ್ಚರಿಕೆ ಮುದ್ರಿಸಬೇಕು. ರಥಸಪ್ತಮಿಯಂದು ಎಲೆಯನ್ನು ತಲೆಯ ಮೇಲಿಟ್ಟು ಸ್ನಾನ ಮಾಡಿದ ನಮ್ಮ ಹಿರಿಯರು ಅದನ್ನು ಅರೆದು ಕುಡಿಯಲು ಹೇಳಿದವರಲ್ಲ.

ಇನ್ನು ಮಗಳ ಕೆಲಸ. ಮೊದಲಿಗೆ, ಕಚ್ಚಾ ಸಾರವೊಂದರ ಐಸಿ50, ಅಂದರೆ ಅರ್ಧದಷ್ಟು ಜೀವಕೋಶಗಳನ್ನು ಕೊಲ್ಲುವ ಪ್ರಮಾಣ, ಮಿಲಿಲೀಟರಿಗೆ 20 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಮುಂದುವರಿಯಲು ಯೋಗ್ಯವೆಂಬುದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಹೆಸರಿನಲ್ಲಿ ಬಳಕೆಯಲ್ಲಿರುವ ಅಳತೆಗೋಲು. 12 ಎಂಬುದು ಅದರೊಳಗಿದೆ. 150, 200ರಲ್ಲಿ ಅರ್ಧ ಸತ್ತವೆಂದು ಹೇಳಿ ಪ್ರಬಲ ಕ್ಯಾನ್ಸರ್ ವಿರೋಧಿ ಎಂದು ಬರೆಯುವ ಪ್ರಬಂಧಗಳಿಗಿಂತ ಇದು ಎಷ್ಟೋ ಮೇಲು. ಅಷ್ಟು ಗಾಢವಾಗಿ ಸುರಿದರೆ ಯಾವ ಸಾರವಾದರೂ ಏನನ್ನಾದರೂ ಕೊಲ್ಲುತ್ತದೆ.

ಆದರೆ ಅವಳು ಪರೀಕ್ಷಿಸಿದ್ದು ಯಾವ ಎಕ್ಕ? ಚಿತ್ರದುರ್ಗ, ದಾವಣಗೆರೆ ಸೀಮೆಯಲ್ಲಿ ಎರಡು ಪ್ರಭೇದಗಳಿವೆ. ಹೂವಿನ ಎಸಳು ಅಗಲವಾಗಿ ಹರಡಿ ಹಿಂದಕ್ಕೆ ಬಾಗಿದ್ದು, ಬಿಳಿಯೋ ತಿಳಿ ನೇರಳೆಯೋ ಆಗಿದ್ದರೆ ಅದು ಕ್ಯಾಲೊಟ್ರೊಪಿಸ್ ಜೈಗ್ಯಾಂಟಿಯಾ. ಎಸಳು ಬಟ್ಟಲಿನಂತೆ ನೆಟ್ಟಗೆ ನಿಂತು ತುದಿಯಲ್ಲಿ ಮಾತ್ರ ಕಡು ನೇರಳೆ ಇದ್ದರೆ ಕ್ಯಾಲೊಟ್ರೊಪಿಸ್ ಪ್ರೊಸೆರಾ. ಹೂವಿರುವ ಕೊಂಬೆಯೊಂದನ್ನು ಒತ್ತಿ ಒಣಗಿಸಿ, ಸಸ್ಯಶಾಸ್ತ್ರ ವಿಭಾಗದ ಹರ್ಬೇರಿಯಂನಲ್ಲಿ ಇಟ್ಟು, ಅದರ ಸಂಖ್ಯೆಯನ್ನು ಪ್ರಬಂಧದಲ್ಲಿ ನಮೂದಿಸಬೇಕು. ತೋಟದ ಬೇಲಿಯ ಗಿಡವೆಂದು ಬರೆದಿದ್ದೀರಿ. ತೋಟಕ್ಕೆ ಸಿಂಪಡಿಸಿದ ಔಷಧಿ ಬೇಲಿಯ ಮೇಲೂ ಬಿದ್ದಿರುತ್ತದೆ, ಕೀಟನಾಶಕವೂ ಜೀವಕೋಶವನ್ನು ಕೊಲ್ಲುತ್ತದೆ. ಹೆದ್ದಾರಿಯ ಬದಿಯ ಗಿಡವೂ ಬೇಡ. ಸಿಂಪಡಣೆಯಿಲ್ಲದ ಬೀಳುಭೂಮಿಯ ಗಿಡದಿಂದ ಇನ್ನೊಮ್ಮೆ ಎಲೆ ತಂದು ಸಾರ ತೆಗೆದು, ಎರಡನ್ನೂ ಒಟ್ಟಿಗೆ ಪರೀಕ್ಷಿಸುವುದು ಒಳ್ಳೆಯದು. ಜೋಗಿಮಟ್ಟಿಯ ಕಡೆ ಹೋಗುವ ಯೋಚನೆಯಿದ್ದರೆ ಅದು ವನ್ಯಜೀವಿ ಧಾಮ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಎಲೆ ಕೀಳುವಂತಿಲ್ಲ. ಎಕ್ಕಕ್ಕಾಗಿ ಅಷ್ಟು ದೂರ ಹೋಗಬೇಕಾದ ಅಗತ್ಯವೂ ಇಲ್ಲ.

ಕಾರ್ಡಿನೊಲೈಡ್ ಇದೆಯೇ ಎಂದು ನೋಡಲು ದುಬಾರಿ ಯಂತ್ರ ಬೇಕಿಲ್ಲ. ಸಾಮಾನ್ಯವಾಗಿ ವಿದ್ಯಾರ್ಥಿಗಳು ಕೆಲ್ಲರ್-ಕಿಲಿಯಾನಿ ಪರೀಕ್ಷೆ ಮಾಡಿ, ಕಂದು ಉಂಗುರ ಬರದಿದ್ದರೆ ಹೃದಯ ಗ್ಲೈಕೋಸೈಡ್, ಅಂದರೆ ಸಕ್ಕರೆ ಅಂಟಿದ ಕಾರ್ಡಿನೊಲೈಡ್, ಇಲ್ಲವೆಂದು ಬರೆದುಬಿಡುತ್ತಾರೆ. ಆ ಪರೀಕ್ಷೆ ತೋರಿಸುವುದು 2-ಡಿಆಕ್ಸಿ ಸಕ್ಕರೆಯನ್ನು, ಡಿಗಾಕ್ಸಿನ್‌ನಲ್ಲಿ ಅದಿದೆ. ಕ್ಯಾಲೊಟ್ರೊಪಿನ್‌ನ ಸಕ್ಕರೆ ಬೇರೆ ಬಗೆಯದು, ಅಣುವಿಗೆ ಎರಡು ಕಡೆ ಬೆಸೆದುಕೊಂಡಿರುವಂಥದು. ಆದ್ದರಿಂದ ಎಕ್ಕದಲ್ಲಿ ಆ ಪರೀಕ್ಷೆ ಇಲ್ಲವೆಂದರೂ ನಂಬುವಂತಿಲ್ಲ. ಎಲ್ಲ ಕಾರ್ಡಿನೊಲೈಡ್‌ಗಳಲ್ಲಿಯೂ ಇರುವ ಲ್ಯಾಕ್ಟೋನ್ ಉಂಗುರವನ್ನೇ ಹಿಡಿಯುವ ಬಾಲ್ಜೆಟ್ ಅಥವಾ ಕೆಡ್ಡೆ ಪರೀಕ್ಷೆ ಬೇಕು. ಸಾರದ ವಸ್ತುಗಳನ್ನು ಬಿಡಿಬಿಡಿಯಾಗಿಸುವ, ಸಿಲಿಕಾ ಲೇಪಿಸಿದ ಟಿಎಲ್‌ಸಿ ತಟ್ಟೆಯಲ್ಲಿ ಒಂದು ಕಡೆ ಸಾರದ ಚುಕ್ಕೆ, ಪಕ್ಕದಲ್ಲಿ ಡಿಗಾಕ್ಸಿನ್ ಚುಕ್ಕೆ ಇಟ್ಟು, ಒಂಬತ್ತು ಪಾಲು ಕ್ಲೋರೋಫಾರ್ಮಿಗೆ ಒಂದು ಪಾಲು ಮೆಥನಾಲ್ ಬೆರೆಸಿದ ದ್ರಾವಕದಲ್ಲಿ ಏರಿಸಿ ಒಣಗಿಸಬೇಕು. ಕೆಡ್ಡೆ ಪರೀಕ್ಷೆಯಂತೆ ಅದರ ಮೇಲೆ ಡೈನೈಟ್ರೊಬೆಂಜೋಯಿಕ್ ಆಮ್ಲ, ಅನಂತರ ಕ್ಷಾರ ಸಿಂಪಡಿಸಿದರೆ ಕಾರ್ಡಿನೊಲೈಡ್ ಇರುವ ಕಡೆಯೆಲ್ಲ ನೇರಳೆ ಚುಕ್ಕೆ ಮೂಡುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ಮಾಸುತ್ತದೆ, ಫೋನ್ ಕೈಯಲ್ಲಿ ಹಿಡಿದೇ ಸಿಂಪಡಿಸಲು ಹೇಳಿ.

ಜೀವಕೋಶದ ಪರೀಕ್ಷೆಯಲ್ಲಿ ಅವಳು ಸೇರಿಸಬೇಕಾದದ್ದು ಎರಡೇ. ಮೊದಲನೆಯದು, ಶುದ್ಧ ಡಿಗಾಕ್ಸಿನ್ ಅಥವಾ ಅದೇ ಗುಂಪಿನ ಊಬೈನ್ ಹಾಕಿದ ಒಂದು ಸಾಲು ಗುಳಿಗಳು. ಎಂಸಿಎಫ್-7 ಸತ್ತು ಎಲ್929 ಬದುಕುವ ಅದೇ ಮಾದರಿ ಅಲ್ಲಿಯೂ ಕಂಡರೆ, ಎಕ್ಕದ ಸಾರದ ಗುಟ್ಟು ಅರ್ಧ ಬಿಟ್ಟುಕೊಟ್ಟಂತೆ. ಎರಡನೆಯದು, ಮನುಷ್ಯನ ಆರೋಗ್ಯವಂತ ಜೀವಕೋಶ. ಸ್ತನದ ಗಡ್ಡೆಗೆ ಸರಿಜೋಡಿ ಎಂಸಿಎಫ್-10ಎ, ಆದರೆ ಅದನ್ನು ಸಾಕಲು ವಿಶೇಷ ಆಹಾರ ಬೇಕು, ಖರ್ಚು ಹೆಚ್ಚು. ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಪಡೆದು ದಾನಿಗಳ ರಕ್ತದಿಂದ ಬೇರ್ಪಡಿಸಿದ, ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳನ್ನು ಬಳಸಬಹುದು. ಅದೂ ಆಗದಿದ್ದರೆ ಕೋತಿಯ ಮೂತ್ರಪಿಂಡದಿಂದ ಬಂದ ವೆರೊ ಜೀವಕೋಶ ಕೂಡ ಈ ಒಂದು ವಿಷಯದಲ್ಲಿ ಇಲಿಯದ್ದಕ್ಕಿಂತ ಮೇಲು. ಜೀವಕೋಶಗಳನ್ನು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ತರಿಸುವುದು ಕ್ಷೇಮ. ಕೈಯಿಂದ ಕೈಗೆ ಬಂದ ಬಾಟಲಿಯಲ್ಲಿ ಏನಿದೆಯೋ ಹೇಳಲಾಗದು. ಬಾಯಿಯ ಕ್ಯಾನ್ಸರಿನದೆಂದು ದಶಕಗಳ ಕಾಲ ಬಳಸಿದ ಕೆಬಿ ಎಂಬ ಸಾಲು ವಾಸ್ತವವಾಗಿ ಗರ್ಭಕೊರಳಿನ ಹೆಲಾ ಜೀವಕೋಶಗಳೆಂದು ಡಿಎನ್‌ಎ ಪರೀಕ್ಷೆಯಿಂದ ತಿಳಿದುಬಂದಿದೆ.

ಎಷ್ಟು ಜೀವಕೋಶಗಳು ಬದುಕುಳಿದವೆಂದು ನೋಡಲು ಬಳಸುವ ಎಂಟಿಟಿ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಳದಿ ಬಣ್ಣದ ಉಪ್ಪನ್ನು ಬದುಕಿರುವ ಜೀವಕೋಶಗಳು ನೇರಳೆ ಹರಳುಗಳಾಗಿ ಮಾರ್ಪಡಿಸುತ್ತವೆ, ಹರಳನ್ನು ಕರಗಿಸಿ 570 ನ್ಯಾನೊಮೀಟರಿನಲ್ಲಿ ಓದುತ್ತೇವೆ. 1983ರಿಂದ ಬಳಕೆಯಲ್ಲಿರುವ ಈ ವಿಧಾನ ಸಾವನ್ನು ಅಳೆಯುವುದಿಲ್ಲ, ಚಯಾಪಚಯವನ್ನು ಅಳೆಯುತ್ತದೆ. ಗಿಡದ ಟ್ಯಾನಿನ್, ಫ್ಲೇವೊನಾಯ್ಡ್‌ಗಳು ಜೀವಕೋಶದ ನೆರವಿಲ್ಲದೆ ತಾವೇ ಆ ಉಪ್ಪನ್ನು ನೇರಳೆಯಾಗಿಸಬಲ್ಲವು. ಆದ್ದರಿಂದ ಜೀವಕೋಶವಿಲ್ಲದೆ ಸಾರ ಮಾತ್ರ ಇರುವ ಗುಳಿಗಳೂ ಪ್ಲೇಟಿನಲ್ಲಿರಬೇಕು. ಒಂದೇ ಪ್ಲೇಟಿನ ಮೂರು ಗುಳಿಗಳು ಮೂರು ಪ್ರಯೋಗಗಳಾಗುವುದಿಲ್ಲ, ಬೇರೆ ಬೇರೆ ದಿನ, ಹೊಸ ಜೀವಕೋಶಗಳೊಂದಿಗೆ ಮೂರು ಸಲ ಮಾಡಬೇಕು. ಸಾರ ಕರಗಿಸಲು ಬಳಸಿದ ಡಿಎಂಎಸ್‌ಒ ಕೊನೆಗೆ ಶೇಕಡಾ 0.5 ದಾಟಬಾರದು, ಅಷ್ಟೇ ಡಿಎಂಎಸ್‌ಒ ಇರುವ ಹೋಲಿಕೆಯ ಗುಳಿಯೂ ಇರಬೇಕು. ಮುಂದಿನ ಹಂತವಾಗಿ ಡಿಎನ್‌ಎ ಏಣಿ (ತುಂಡಾದ ಡಿಎನ್‌ಎಯ ಪಟ್ಟೆಗಳು) ನೋಡಿ ಅಪೊಪ್ಟೋಸಿಸ್, ಅಂದರೆ ಜೀವಕೋಶ ತಾನೇ ಕ್ರಮವಾಗಿ ಸಾಯುವುದನ್ನು, ತೋರಿಸುವ ಯೋಚನೆ ಮಾಡಿದ್ದರೆ ಎಂಸಿಎಫ್-7 ಅದಕ್ಕೆ ಹೊಂದುವುದಿಲ್ಲ. ಅದರಲ್ಲಿ ಡಿಎನ್‌ಎಯನ್ನು ಹಾಗೆ ತುಂಡರಿಸಲು ಬೇಕಾದ ಕ್ಯಾಸ್ಪೇಸ್-3 ಎಂಬ ಕಿಣ್ವವೇ ಇಲ್ಲ, ಏಣಿ ಮೂಡದಿದ್ದರೆ ಸಾರವನ್ನು ದೂರಿ ಪ್ರಯೋಜನವಿಲ್ಲ. ಸಾಯುತ್ತಿರುವ ಜೀವಕೋಶಕ್ಕೆ ಅಂಟುವ ಅನೆಕ್ಸಿನ್ ಬಣ್ಣ ಹಾಕಿ, ಜೀವಕೋಶಗಳನ್ನು ಒಂದೊಂದಾಗಿ ಎಣಿಸುವ ಫ್ಲೋ ಸೈಟೊಮೆಟ್ರಿ ಮಾಡಿಸಲಿ.

ಸಮಯವಿದ್ದರೆ ಸಾರವನ್ನು ಬಿಡಿಸುವ ಕೆಲಸ ಶುರುಮಾಡಬಹುದು. ಮೆಥನಾಲ್ ಸಾರವನ್ನು ನೀರಿನಲ್ಲಿ ಕಲಸಿ, ಬೇರ್ಪಡಿಸುವ ಆಲಿಕೆಯಲ್ಲಿ ಮೊದಲು ಹೆಕ್ಸೇನ್, ಆಮೇಲೆ ಕ್ಲೋರೋಫಾರ್ಮ್, ಆಮೇಲೆ ಈಥೈಲ್ ಅಸಿಟೇಟಿನಿಂದ ಅಲುಗಾಡಿಸಿ ತೆಗೆದರೆ, ಕೊಬ್ಬು ಮೇಣಗಳು ಹೆಕ್ಸೇನಿಗೆ ಹೋಗುತ್ತವೆ, ಕಾರ್ಡಿನೊಲೈಡ್‌ಗಳು ಹೆಚ್ಚಾಗಿ ಕ್ಲೋರೋಫಾರ್ಮ್ ಮತ್ತು ಈಥೈಲ್ ಅಸಿಟೇಟಿನಲ್ಲಿ ಸೇರುತ್ತವೆ. ಪ್ರತಿ ಭಾಗವನ್ನೂ ಮತ್ತೆ ಎಂಸಿಎಫ್-7 ಮೇಲೆ ಪರೀಕ್ಷಿಸಿ, ಎಲ್ಲಿ ಕೊಲ್ಲುವ ಗುಣವಿದೆಯೋ ಅದನ್ನು ಮಾತ್ರ ಮುಂದಕ್ಕೆ ಒಯ್ಯಬೇಕು. ಜಿಸಿ-ಎಂಎಸ್ ಪಟ್ಟಿಯ ಪಾಮಿಟಿಕ್ ಆಮ್ಲ, ಫೈಟಾಲ್‌ಗಳೆಲ್ಲ ಇರುವ ಹೆಕ್ಸೇನ್ ಭಾಗ ಏನೂ ಮಾಡದೆ, ಕೆಡ್ಡೆ ಬಣ್ಣ ಕೊಡುವ ಭಾಗ ಕೊಲ್ಲುತ್ತದೆಯೆಂದು ತೋರಿಸಿದರೆ ಅದೊಂದೇ ಸಾಕು, ಒಳ್ಳೆಯ ಪ್ರಬಂಧವಾಗುತ್ತದೆ. ಆ ಭಾಗದ, ಆವಿಯಾಗಿಸದೆ ದ್ರಾವಣದಲ್ಲಿಯೇ ವಸ್ತುಗಳನ್ನು ಗುರುತಿಸುವ ಎಲ್‌ಸಿ-ಎಂಎಸ್ ಅನ್ನು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ, ಮುಂಬಯಿಯ ಐಐಟಿಗಳಲ್ಲಿರುವ ಸಾರ್ವಜನಿಕ ಉಪಕರಣ ಕೇಂದ್ರಗಳಿಗೆ ಕಳುಹಿಸಿ ಶುಲ್ಕ ಕೊಟ್ಟು ಮಾಡಿಸಬಹುದು.

ಹೊಸದನ್ನು ಕಂಡುಹಿಡಿದಂತಾಗುತ್ತದೆಯೇ ಎಂದು ನೀವು ಕೇಳಬಹುದು. ಕ್ಯಾಲೊಟ್ರೊಪಿನ್ ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುತ್ತದೆಂದು 1964ರಲ್ಲಿಯೇ ಪ್ರಕಟವಾಗಿದೆ, ಅದೂ ಎಕ್ಕದ ಸಂಬಂಧಿಯಾದ ಬೇರೊಂದು ಗಿಡದಿಂದ. ಕ್ಯಾಲೊಟ್ರೊಪಿಸ್ ಪ್ರೊಸೆರಾದ ಬೇರಿನ ತೊಗಟೆಯ ವಸ್ತುವೊಂದನ್ನು ಬೆಲ್ಜಿಯಂನ ಸಂಶೋಧಕರು ರಾಸಾಯನಿಕವಾಗಿ ಮಾರ್ಪಡಿಸಿ, ಯುಎನ್‌ಬಿಎಸ್1450 ಎಂಬ ಹೆಸರಿನಲ್ಲಿ ಮಾನವ ಪರೀಕ್ಷೆಯ ಮೊದಲ ಹಂತದವರೆಗೆ ಒಯ್ದರು. ಅದು ಔಷಧವಾಗಿ ಮಾರುಕಟ್ಟೆಗೆ ಬರಲಿಲ್ಲ. ಹಾಗೆಂದು ಗಿಡದ ವಿಷ ಎಂದಿಗೂ ಔಷಧವಾಗದೆಂದೂ ಅಲ್ಲ. ಕ್ಯಾಂಪ್ಟೊಥೆಸಿನ್ ಅನ್ನು 1966ರಲ್ಲಿ ಚೀನಾ ಮೂಲದ ಮರದಿಂದ ಬೇರ್ಪಡಿಸಿದರು. ನಮ್ಮ ಮಲೆನಾಡಿನ ದುರ್ವಾಸನೆ ಮರದಲ್ಲಿಯೂ ಅದು ಸಿಗುತ್ತದೆ. ಅದರ ಸೋಡಿಯಂ ಲವಣವನ್ನು ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಲ್ಲಿ ರಕ್ತಸ್ರಾವವಾಗಿ 1970ರ ದಶಕದ ಆರಂಭದಲ್ಲಿ ಪರೀಕ್ಷೆ ನಿಲ್ಲಿಸಬೇಕಾಯಿತು. ಅಣುವನ್ನು ತಿದ್ದಿ ತೀಡಿ ಟೊಪೊಟೆಕಾನ್, ಇರಿನೊಟೆಕಾನ್ ಆಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1996ರಲ್ಲಿ. ಆ ಮೂವತ್ತು ವರ್ಷಗಳ ನಡುವೆ ಆ ಮರದ ತೊಗಟೆಯ ಕಷಾಯ ಕುಡಿದವನಿಗೆ ಸಿಗುತ್ತಿದ್ದುದು ರಕ್ತಸ್ರಾವವೇ ಹೊರತು ಇರಿನೊಟೆಕಾನ್ ಅಲ್ಲ.

ಮಗಳು ಪ್ರಬಂಧದ ಕೊನೆಯಲ್ಲಿ, ಎಕ್ಕದ ಎಲೆ ಆರೋಗ್ಯವಂತ ಜೀವಕೋಶಗಳಿಗೆ ಹಾನಿ ಮಾಡದೆ ಕ್ಯಾನ್ಸರನ್ನು ಗುಣಪಡಿಸಬಲ್ಲದು ಎಂಬಂಥ ವಾಕ್ಯ ಬರೆದಿದ್ದರೆ ತೆಗೆಯಲಿ. ಅದರ ಬದಲಿಗೆ, ಎಕ್ಕದ ಇಂಥ ಪ್ರಭೇದದ ಎಲೆಯ ಮೆಥನಾಲ್ ಸಾರ ಮಾನವ ಎಂಸಿಎಫ್-7 ಜೀವಕೋಶಗಳಿಗೆ ವಿಷಕಾರಿ, ಇಲಿಯ ಎಲ್929ಗೆ ಅಲ್ಲ, ಈ ವ್ಯತ್ಯಾಸಕ್ಕೆ ಸೋಡಿಯಂ ಪಂಪಿನಲ್ಲಿರುವ ಪ್ರಭೇದಭೇದ ಕಾರಣವಾಗಿರಬಹುದು ಎಂದು ಬರೆಯಲಿ. ಮೌಖಿಕ ಪರೀಕ್ಷೆಗೆ ಬರುವವರು ಈ ಒಂದು ವಾಕ್ಯದ ಮೇಲೆಯೇ ಪ್ರಶ್ನೆ ಕೇಳುತ್ತಾರೆ, ಉತ್ತರ ಅವಳ ಕೈಯಲ್ಲಿರುತ್ತದೆ. ಉಳಿದ ಸಾರವನ್ನು ಕಂದು ಗಾಜಿನ ಬಾಟಲಿಯಲ್ಲಿ ಹಾಕಿ, ವಿಷವೆಂದು ಚೀಟಿ ಅಂಟಿಸಿ, ಪ್ರಯೋಗಾಲಯದ ಫ್ರೀಜರಿನಲ್ಲೇ ಇಡಲಿ. ಯಾರು ಎಷ್ಟು ಕೇಳಿಕೊಂಡರೂ ಅದನ್ನು ಹೊಳಲ್ಕೆರೆಗೆ ತರುವುದು ಬೇಡ.